ಮನೆಯ ಗೋಡೆಗೆ ತಿಳಿಬಣ್ಣ: ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಮನೆಗಳಿಗೆ ಯಾವುದು ಒಪ್ಪುತ್ತದೆ?

ಮನೆಗೆ ಬಣ್ಣ ಹಚ್ಚಿಸುವುದು ಸಾಮಾನ್ಯ ಕುಟುಂಬಕ್ಕೆ ಐದಾರು ವರ್ಷಕ್ಕೊಮ್ಮೆ ಬರುವ ದೊಡ್ಡ ಖರ್ಚು. ಮಗಳ ಮದುವೆ, ಮಗನ ಗೃಹಪ್ರವೇಶ, ಊರ ಹಬ್ಬ, ಕ್ರಿಸ್ಮಸ್ ಹೀಗೆ ಏನಾದರೊಂದು ನೆಪ ಬಂದಾಗ ಕೂಡಿಟ್ಟ ಹಣ ಹೊರಗೆ ಬರುತ್ತದೆ. ಅಂಗಡಿಯವರು ಶೇಡ್ ಕಾರ್ಡ್ ಮುಂದಿಡುತ್ತಾರೆ. ಅದರಲ್ಲಿ ನೂರಾರು ಚೌಕಗಳು. ಮನೆಮಂದಿಯೆಲ್ಲ ಸೇರಿ ಅರ್ಧ ಗಂಟೆಯಲ್ಲಿ ಒಂದನ್ನು ಆರಿಸುತ್ತಾರೆ. ಪೇಂಟರ್ ಹೋದ ಮೇಲೆ ನೋಡಿದರೆ ಕೆನೆ ಬಣ್ಣವೆಂದುಕೊಂಡದ್ದು ಹಸಿರು ಹೊಡೆಯುತ್ತಿದೆ, ಬೂದಿ ಬಣ್ಣವೆಂದುಕೊಂಡದ್ದು ನೀಲಿಯಾಗಿ ಕಾಣುತ್ತಿದೆ. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಗೋಡೆಯ ಬುಡದಲ್ಲಿ ಬಣ್ಣ ಹಪ್ಪಳದಂತೆ ಏಳುತ್ತದೆ.

ಕರಾವಳಿಯಿಂದ ಘಟ್ಟ ಹತ್ತಿ ಬೆಳಗಾವಿ ಜಿಲ್ಲೆಯ ಕಡೆಗೆ ಶಿಕ್ಷಕರಾಗಿ, ದಾದಿಯರಾಗಿ, ಧರ್ಮಭಗಿನಿಯರಾಗಿ, ಸೇವಾಕಾರ್ಯಕರ್ತರಾಗಿ ಹೋಗುವವರು ಈ ತೊಂದರೆಯನ್ನು ಇನ್ನೂ ಬೇಗ ಎದುರಿಸುತ್ತಾರೆ. ಮುರಕಲ್ಲು, ಹೆಂಚು, ಜೋರು ಮಳೆ, ಹಸಿರು ತೋಟದ ನಡುವಿನ ಮನೆಗೆ ಒಪ್ಪಿದ ಬಣ್ಣ ಎರೆಭೂಮಿಯ ನಡುವಿನ ಮನೆಗೆ ಒಪ್ಪಬೇಕೆಂದೇನೂ ಇಲ್ಲ. ಆದ್ದರಿಂದ ಬೈಲಹೊಂಗಲ, ಕಿತ್ತೂರು, ಸವದತ್ತಿ ಮತ್ತು ರಾಮದುರ್ಗ ಈ ನಾಲ್ಕು ತಾಲ್ಲೂಕುಗಳ ಮನೆಗಳನ್ನು ಕಣ್ಣ ಮುಂದಿಟ್ಟುಕೊಂಡು ಗೋಡೆಯ ತಿಳಿಬಣ್ಣಗಳ ಬಗ್ಗೆ ಕೆಲವು ಮಾತುಗಳನ್ನು ಇಲ್ಲಿ ಹೇಳಬಯಸುತ್ತೇವೆ. ಹೇಳಬೇಕಾದ ಮುಖ್ಯ ವಿಷಯ ಒಂದೇ: ಮೊದಲು ಗೋಡೆಯನ್ನು ನೋಡಿ, ಆಮೇಲೆ ಕೋಣೆಯ ಬೆಳಕನ್ನು ನೋಡಿ, ಕೊನೆಯಲ್ಲಿ ಶೇಡ್ ಕಾರ್ಡ್ ನೋಡಿ. ನಮ್ಮಲ್ಲಿ ಹೆಚ್ಚಿನವರು ಈ ಕ್ರಮವನ್ನು ತಲೆಕೆಳಗು ಮಾಡುತ್ತೇವೆ.

ತಟಸ್ಥ ಬಣ್ಣ ಎಂದರೇನು?

ಬಿಳಿ, ಕೆನೆ, ದಂತದ ಬಣ್ಣ, ಗೋಧಿ ಬಣ್ಣ, ಮರಳಿನ ಬಣ್ಣ, ತಿಳಿ ಬೂದಿ ಇವುಗಳನ್ನು ಅಂಗಡಿಯವರು 'ನ್ಯೂಟ್ರಲ್' ಅಂದರೆ ತಟಸ್ಥ ಬಣ್ಣಗಳು ಎನ್ನುತ್ತಾರೆ. ಮನೆಯಲ್ಲಿರುವ ಪೀಠೋಪಕರಣ, ಪರದೆ, ಪೂಜ್ಯ ಚಿತ್ರಗಳು ಯಾವುದಕ್ಕೂ ಇವು ಎದುರು ನಿಲ್ಲುವುದಿಲ್ಲ. ಬಾಡಿಗೆ ಮನೆಗೂ ಸರಿ, ಸ್ವಂತ ಮನೆಗೂ ಸರಿ. ಹೀಗಾಗಿ ತಟಸ್ಥ ಬಣ್ಣ ಆರಿಸಿದರೆ ತಪ್ಪಾಗುವುದಿಲ್ಲ ಎಂಬ ನಂಬಿಕೆ ಬೆಳೆದಿದೆ.

ಆದರೆ ಪೂರ್ತಿ ತಟಸ್ಥವಾದ ಬಣ್ಣ ಅಂಗಡಿಯಲ್ಲಿ ಸಿಗುವುದು ಅಪರೂಪ. ಪ್ರತಿಯೊಂದು ತಿಳಿಬಣ್ಣದ ಒಳಗೂ ಒಂದು ಛಾಯೆ ಅಡಗಿರುತ್ತದೆ. ಕೆನೆಯಲ್ಲಿ ಹಳದಿ, ಮರಳಿನ ಬಣ್ಣದಲ್ಲಿ ಕೆಂಪು ಅಥವಾ ಹಸಿರು, ಬೂದಿಯಲ್ಲಿ ನೀಲಿ ಅಥವಾ ನೇರಳೆ. ಚಿಕ್ಕ ಚೌಕದಲ್ಲಿ ಅದು ಕಾಣುವುದಿಲ್ಲ. ನಾಲ್ಕು ಗೋಡೆಗೆ ಹಚ್ಚಿದಾಗ ಒಂದು ಗೋಡೆಯ ಛಾಯೆ ಇನ್ನೊಂದು ಗೋಡೆಯ ಮೇಲೆ ಬಿದ್ದು ಅದು ಗಾಢವಾಗುತ್ತದೆ. ಒಳಛಾಯೆಯನ್ನು ಗುರುತಿಸಲು ಸುಲಭ ಉಪಾಯವಿದೆ. ಆರಿಸಿದ ಚೌಕವನ್ನು ಅಚ್ಚ ಬಿಳಿ ಕಾಗದದ ಮೇಲಿಟ್ಟು ಹಗಲು ಬೆಳಕಿನಲ್ಲಿ ನೋಡಿ. ಪಕ್ಕದಲ್ಲಿ ಇನ್ನೆರಡು ತಿಳಿಬಣ್ಣಗಳನ್ನು ಇಡಿ. ಯಾವುದು ಹಳದಿ, ಯಾವುದು ಗುಲಾಬಿ, ಯಾವುದು ಹಸಿರು ಎಂಬುದು ತಾನಾಗಿ ಬೇರೆಯಾಗುತ್ತದೆ.

ನಮ್ಮ ಹಿರಿಯರು ಸುಣ್ಣಕ್ಕೆ ಚಿಟಿಕೆ ನೀಲಿ ಬೆರೆಸುತ್ತಿದ್ದುದು ಇದೇ ಕಾರಣಕ್ಕೆ. ಸುಣ್ಣದಲ್ಲಿ ಸಹಜವಾಗಿ ಇರುವ ತುಸು ಹಳದಿಯನ್ನು ನೀಲಿ ಅಡಗಿಸುತ್ತದೆ, ಗೋಡೆ ಹೆಚ್ಚು ಬೆಳ್ಳಗೆ ಕಾಣುತ್ತದೆ. ನೀಲಿ ಸ್ವಲ್ಪ ಹೆಚ್ಚಾದರೆ ಗೋಡೆಯೇ ನೀಲಿಯಾಗುತ್ತದೆ ಎಂಬುದೂ ಅವರಿಗೆ ಗೊತ್ತಿತ್ತು.

ಗೋಡೆ ಎಷ್ಟು ಬೆಳಕನ್ನು ಹಿಂದಕ್ಕೆ ಕೊಡುತ್ತದೆ?

ಬಣ್ಣದ ಕಂಪನಿಗಳು ಪ್ರತಿ ಶೇಡ್‌ಗೂ ಬೆಳಕನ್ನು ಹಿಂದಿರುಗಿಸುವ ಅಂಕಿಯೊಂದನ್ನು ಲೆಕ್ಕ ಹಾಕುತ್ತವೆ. ಕಡುಕಪ್ಪಿಗೆ 0, ಪರಿಪೂರ್ಣ ಬಿಳಿಗೆ 100. ಒಳ್ಳೆಯ ಬಿಳಿಗೆ 80ಕ್ಕಿಂತ ಹೆಚ್ಚು, ಕೆನೆ ಬಣ್ಣಕ್ಕೆ ಸುಮಾರು 70ರಿಂದ 80, ನಡುಮಟ್ಟದ ಮರಳು ಅಥವಾ ಬೂದಿ ಬಣ್ಣಕ್ಕೆ ಸುಮಾರು 50. ಅಂಕಿಯ ವ್ಯತ್ಯಾಸ ಚಿಕ್ಕದೆಂದು ತೋರಬಹುದು, ಪರಿಣಾಮ ಚಿಕ್ಕದಲ್ಲ. ಕಿಟಕಿಯಿಂದ ಬಂದ ಬೆಳಕು ಕೋಣೆಯ ಒಳಮೂಲೆ ಮುಟ್ಟುವ ಮೊದಲು ಗೋಡೆಯಿಂದ ಗೋಡೆಗೆ ಪುಟಿಯುತ್ತದೆ. 80ರ ಗೋಡೆಯಲ್ಲಿ ಮೂರು ಸಲ ಪುಟಿದರೆ ಅರ್ಧದಷ್ಟು ಬೆಳಕು ಉಳಿಯುತ್ತದೆ. 50ರ ಗೋಡೆಯಲ್ಲಿ ಮೂರು ಸಲ ಪುಟಿದರೆ ಉಳಿಯುವುದು ಎಂಟನೇ ಒಂದು ಪಾಲು ಮಾತ್ರ.

ಈ ಭಾಗದ ಹಳೆಯ ಮನೆಗಳನ್ನು ನೋಡಿದವರಿಗೆ ಇದರ ಮಹತ್ವ ತಿಳಿಯುತ್ತದೆ. ದಪ್ಪ ಗೋಡೆ, ಜಂತಿಯ ಮೇಲೆ ಮಣ್ಣು ಹಾಕಿದ ಮಾಳಿಗೆ, ಬಿಸಿಲು ಒಳಬಾರದಿರಲೆಂದು ಇಟ್ಟ ಸಣ್ಣ ಕಿಟಕಿ, ನಡುಮನೆಗೆ ಮೇಲಿನಿಂದ ಒಂದು ಬೆಳಕಿಂಡಿ. ಬಿಸಿಲ ನಾಡಿಗೆ ಇದು ಜಾಣ ರಚನೆ. ಆದರೆ ಒಳಗೆ ಬರುವ ಬೆಳಕು ಕಡಿಮೆ. ಅಂಥ ನಡುಮನೆಗೆ, ಅಡುಗೆಮನೆಗೆ ಪೇಟೆಯ ಫ್ಲ್ಯಾಟ್‌ಗಳ ಚಿತ್ರ ನೋಡಿ ಬೂದಿ ಬಣ್ಣ ಹಚ್ಚಿದರೆ ಹಗಲಿನಲ್ಲೂ ದೀಪ ಬೇಕಾಗುತ್ತದೆ. ಓದುವ ಮಕ್ಕಳ ಕಣ್ಣಿಗೂ ಕಷ್ಟ, ಕರೆಂಟ್ ಬಿಲ್ಲಿಗೂ ಕಷ್ಟ.

ಇಲ್ಲಿಯ ಬಿಸಿಲಿಗೆ ಬೇರೆ ಲೆಕ್ಕ

'ಉತ್ತರದ ಕೋಣೆಗೆ ಬೆಚ್ಚಗಿನ ಬಣ್ಣ, ದಕ್ಷಿಣದ ಕೋಣೆಗೆ ತಂಪು ಬಣ್ಣ' ಎಂಬ ಸಲಹೆಯನ್ನು ಗೃಹಾಲಂಕಾರದ ಪುಸ್ತಕಗಳಲ್ಲಿ ನೋಡುತ್ತೇವೆ. ಅದು ಯುರೋಪ್, ಅಮೆರಿಕದಂತಹ ಉತ್ತರದ ದೇಶಗಳಿಗಾಗಿ ಹುಟ್ಟಿದ ಸಲಹೆ. ಅಲ್ಲಿ ಸೂರ್ಯ ವರ್ಷವಿಡೀ ದಕ್ಷಿಣಕ್ಕೆ ವಾಲಿರುತ್ತಾನೆ, ಉತ್ತರದ ಗೋಡೆ ಮಧ್ಯಾಹ್ನದ ಬಿಸಿಲನ್ನೇ ಕಾಣುವುದಿಲ್ಲ. ನಮ್ಮ ನಾಲ್ಕು ಊರುಗಳು ಸುಮಾರು 15.6ರಿಂದ 16 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ಮೇ ತಿಂಗಳ ಮೊದಲ ವಾರದ ಹೊತ್ತಿಗೆ ಮಧ್ಯಾಹ್ನದ ಸೂರ್ಯ ನೇರ ನೆತ್ತಿಯ ಮೇಲಿರುತ್ತಾನೆ. ಅಲ್ಲಿಂದ ಆಗಸ್ಟ್ ಎರಡನೇ ವಾರದವರೆಗೆ ತುಸು ಉತ್ತರಕ್ಕೇ ಇರುತ್ತಾನೆ. ದಕ್ಷಿಣದ ಗೋಡೆಗೆ ಚೆನ್ನಾಗಿ ಬಿಸಿಲು ಬೀಳುವುದು ಚಳಿಗಾಲದಲ್ಲಿ.

ಆದ್ದರಿಂದ ಇಲ್ಲಿ ಉತ್ತರ-ದಕ್ಷಿಣಕ್ಕಿಂತ ಪೂರ್ವ-ಪಶ್ಚಿಮದ ವ್ಯತ್ಯಾಸವೇ ಮುಖ್ಯ. ಪಶ್ಚಿಮದ ಕೋಣೆಗೆ ಮಾರ್ಚ್, ಏಪ್ರಿಲ್ ತಿಂಗಳ ಇಳಿಹೊತ್ತಿನಲ್ಲಿ ಕೆಂಪು ಬಿಸಿಲು ನುಗ್ಗುತ್ತದೆ. ಅಲ್ಲಿ ಹಳದಿ ಒಳಛಾಯೆಯ ಕೆನೆ ಹಚ್ಚಿದರೆ ಸಂಜೆ ನಾಲ್ಕಕ್ಕೆ ಗೋಡೆ ಕಿತ್ತಳೆಯಾಗಿ, ಕೋಣೆ ಇನ್ನಷ್ಟು ಕಾದಂತೆ ಭಾಸವಾಗುತ್ತದೆ. ತುಸು ಬೂದಿ ಬೆರೆತ ಬಿಳಿ ಅಲ್ಲಿ ಹಿತ. ಪೂರ್ವದ ಕೋಣೆಗೆ ಬೆಳಗಿನ ನಂತರ ಮಂದ ಬೆಳಕು, ಅಲ್ಲಿ ಕೆನೆ ಅಥವಾ ದಂತದ ಬಣ್ಣ ಚೆನ್ನ. ಹೊರಗಿನ ಅಂಗಳದಿಂದಲೂ ಬಣ್ಣ ಒಳಬರುತ್ತದೆ ಎಂಬುದನ್ನು ಮರೆಯಬಾರದು. ಎದುರಿಗೆ ಬೇವಿನ ಮರವಿದ್ದರೆ ಒಳಗೆ ಹಸಿರು ನೆರಳು, ಕೆಂಪು ಮಣ್ಣಿನ ಅಂಗಳವಿದ್ದರೆ ಗುಲಾಬಿ ಹೊಳಪು.

ರಾತ್ರಿ ದೀಪದ ಮಾತೂ ಇದೆ. ಈಗ ಮನೆಮನೆಯಲ್ಲಿ ಇರುವ ಬೆಳ್ಳನೆಯ ಎಲ್‌ಇಡಿ ಬಲ್ಬಿನಡಿ ಬೂದಿ ಬಣ್ಣ ನೀಲಿಗೆ ತಿರುಗುತ್ತದೆ, ಕೆನೆ ಬಣ್ಣ ಸಪ್ಪಗಾಗುತ್ತದೆ. ಬಲ್ಬಿನ ಪೆಟ್ಟಿಗೆಯ ಮೇಲೆ 6500 ಎಂದಿದ್ದರೆ ಅದು ನೀಲಿ ಬೆರೆತ ಬೆಳಕು, 2700 ಅಥವಾ 3000 ಎಂದಿದ್ದರೆ ಹಳದಿ ಬೆರೆತ ಬೆಳಕು. ಎಷ್ಟೋ ಸಲ ಗೋಡೆಯ ಬಣ್ಣ ಬದಲಿಸುವ ಬದಲು ಬಲ್ಬು ಬದಲಿಸಿದರೆ ಸಾಕಾಗುತ್ತದೆ.

ಮೊದಲು ಗೋಡೆಯನ್ನು ಓದಿ

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯಕ್ಕೆ ಬರೋಣ. ಮಣ್ಣಿನ ಗೋಡೆ, ಮಣ್ಣಿನ ಗಾರೆಯಲ್ಲಿ ಕಟ್ಟಿದ ಕಲ್ಲಿನ ಗೋಡೆ, ಸಿಮೆಂಟಿನ ಗೋಡೆ ಇವು ಮೂರೂ ಒಂದೇ ಅಲ್ಲ. ಮಣ್ಣಿನ ಗೋಡೆ ಉಸಿರಾಡುತ್ತದೆ. ನೆಲದಿಂದ, ಮಳೆಯಿಂದ ಸ್ವಲ್ಪ ತೇವ ಹೀರಿಕೊಂಡು ಬಿಸಿಲಿಗೆ ಬಿಟ್ಟುಕೊಡುತ್ತದೆ. ಅದರ ಮೇಲೆ ಸಿಮೆಂಟಿನ ಗಿಲಾವು ಮಾಡಿ, ಪುಟ್ಟಿ ಎಳೆದು, ಪ್ಲಾಸ್ಟಿಕ್ ಎಮಲ್ಷನ್ ಹಚ್ಚಿದರೆ ಒಳಗಿನ ತೇವಕ್ಕೆ ಹೊರಬರಲು ದಾರಿಯಿಲ್ಲ. ನೀರು ಒಳಗೇ ಉಳಿದು ಮಣ್ಣು ಮೆತ್ತಗಾಗುತ್ತದೆ. ಹೊರಗಿನಿಂದ ಗೋಡೆ ಹೊಸದಾಗಿ, ಚೆಂದವಾಗಿ ಕಾಣುತ್ತಿರುತ್ತದೆ, ಒಳಗಿನಿಂದ ಬಲ ಕಳೆದುಕೊಳ್ಳುತ್ತಿರುತ್ತದೆ. ಸತತ ಮಳೆಯಲ್ಲಿ ಇಂಥ ಗೋಡೆ ಕುಸಿಯುವ ಭಯ ಹೆಚ್ಚು. ಮಣ್ಣಿನ ಗೋಡೆಯ ಮನೆಯಲ್ಲಿ ಬಣ್ಣದ ಆಯ್ಕೆ ಮನೆಯವರ ಪ್ರಾಣದ ಪ್ರಶ್ನೆಯೂ ಆಗಬಹುದೆಂದು ನಾವು ಹೇಳುವುದು ಇದಕ್ಕಾಗಿಯೇ.

2019ರ ಆಗಸ್ಟ್ ತಿಂಗಳ ನೆರೆಯನ್ನು ಈ ಭಾಗದವರು ಮರೆತಿಲ್ಲ. ಸವದತ್ತಿ ಬಳಿಯ ನವಿಲುತೀರ್ಥ ಅಣೆಕಟ್ಟೆ ತುಂಬಿ ಮಲಪ್ರಭೆಗೆ ನೀರು ಬಿಟ್ಟಾಗ ಮುನವಳ್ಳಿ, ರಾಮದುರ್ಗ ಹಾಗೂ ಹೊಳೆಯಂಚಿನ ಹಳ್ಳಿಗಳಲ್ಲಿ ಮನೆಗಳಿಗೆ ನೀರು ನುಗ್ಗಿತು. ಬೆಳಗಾವಿ ಜಿಲ್ಲೆಯಲ್ಲಿ ಆ ವರ್ಷ ಸಾವಿರಾರು ಮನೆಗಳು ಬಿದ್ದವು. ಪೂರ್ಣ ಬಿದ್ದ ಮನೆಗೆ ರಾಜ್ಯ ಸರ್ಕಾರ 5 ಲಕ್ಷ ರೂಪಾಯಿ ಪರಿಹಾರ ಘೋಷಿಸಿತು. ನೆರೆ ಇಳಿದ ಮೇಲೆ ಉಳಿದ ಮನೆಗಳ ಕಲೆ ಮುಚ್ಚಲು ಬೇಗನೆ ಬಣ್ಣ ಹಚ್ಚಿಸುವ ಆತುರ ಸಹಜ. ಆದರೆ ನೀರು ಕುಡಿದ ಗೋಡೆ ಬೇಗ ಒಣಗುವುದಿಲ್ಲ. ಒಂದು ಇಂಚು ದಪ್ಪಕ್ಕೆ ಸುಮಾರು ಒಂದು ತಿಂಗಳು ಎಂಬುದು ಹಳೆಯ ಕಟ್ಟಡಗಳ ದುರಸ್ತಿಯಲ್ಲಿ ಬಳಸುವ ಅಂದಾಜು. ಹದಿನೆಂಟು ಇಂಚಿನ ಗೋಡೆ ಎರಡೂ ಬದಿಯಿಂದ ಒಣಗಿದರೂ ಒಂಬತ್ತು ತಿಂಗಳು ಬೇಕು. ಅಂದರೆ ಒಂದು ಪೂರ್ತಿ ಬೇಸಿಗೆ ದಾಟಬೇಕು. ಅಲ್ಲಿಯವರೆಗೆ ಸುಣ್ಣ ಬಳಿದು ಕಾಯುವುದೇ ಜಾಣತನ.

ಹೊಸ ಸಿಮೆಂಟಿನ ಮನೆಗೂ ಕಾಯುವಿಕೆ ಬೇಕು. ಗಿಲಾವಿಗೆ ನೀರುಣಿಸಿ ಗಟ್ಟಿಯಾದ ನಂತರ ಕನಿಷ್ಠ ನಾಲ್ಕರಿಂದ ಆರು ವಾರ ಒಣಗಲು ಬಿಡಿ. ಹಸಿ ಸಿಮೆಂಟಿನ ಕ್ಷಾರ ಬಣ್ಣವನ್ನು ತಿನ್ನುತ್ತದೆ, ತಿಳಿಬಣ್ಣದಲ್ಲಿ ಆ ಕಲೆ ಇನ್ನೂ ಎದ್ದು ಕಾಣುತ್ತದೆ. ಒಣಗಿದೆಯೋ ಇಲ್ಲವೋ ಪರೀಕ್ಷಿಸಲು ಎರಡು ಅಡಿ ಚೌಕದ ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ನಾಲ್ಕೂ ಬದಿ ಟೇಪ್ ಹಚ್ಚಿ ಅಂಟಿಸಿ, ಒಂದು ದಿನ ಬಿಟ್ಟು ನೋಡಿ. ಒಳಬದಿಯಲ್ಲಿ ನೀರಹನಿ ಕಂಡರೆ ಪೇಂಟರನನ್ನು ಇನ್ನೂ ಕರೆಯಬೇಡಿ.

ಸುಣ್ಣವನ್ನು ಹಳತೆಂದು ತಳ್ಳಬೇಡಿ

ಮಣ್ಣಿನ, ಕಲ್ಲಿನ ಮನೆಗಳಿಗೆ ಇಂದಿಗೂ ಸುಣ್ಣವೇ ಒಳ್ಳೆಯ ತಟಸ್ಥ ಬಣ್ಣ. ಕರಾವಳಿಯಲ್ಲಿ ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರು. ಬಯಲುಸೀಮೆಯಲ್ಲಿ ಸುಣ್ಣದ ಕಲ್ಲನ್ನು ಸುಡುತ್ತಾರೆ, ರಾಮದುರ್ಗದಿಂದಾಚೆ ಲೋಕಾಪುರದ ಕಡೆ ಈ ಕಲ್ಲು ಹೇರಳವಾಗಿದೆ. ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಅರಳುತ್ತದೆ. ಗೋಡೆಗೆ ಹಚ್ಚಿದ ಮೇಲೆ ಅದು ಗಾಳಿಯಲ್ಲಿನ ಇಂಗಾಲದ ಡೈಆಕ್ಸೈಡನ್ನು ಹೀರಿ ಪುನಃ ಕಲ್ಲಾಗುತ್ತದೆ. ತೇವವನ್ನು ತಡೆಯದೆ ಹೊರಬಿಡುತ್ತದೆ. ಅದರ ಕ್ಷಾರಗುಣದಿಂದ ಬೂಷ್ಟು ಬೆಳೆಯುವುದಿಲ್ಲ.

ಹಚ್ಚುವ ವಿಧಾನ ಹೀಗೆ. ಒಂದು ಕಿಲೋ ಸುಟ್ಟ ಸುಣ್ಣಕ್ಕೆ ಸುಮಾರು ಐದು ಲೀಟರ್ ನೀರು ಹಾಕಿ ಅರಳಿಸಿ 24 ಗಂಟೆ ಬಿಡಬೇಕು. ಅರಳುವಾಗ ಕೊತಕೊತ ಕುದಿಯುತ್ತದೆ, ಮಕ್ಕಳನ್ನು ದೂರವಿಡಿ, ಕಣ್ಣಿಗೆ ಸಿಡಿಯದಂತೆ ಎಚ್ಚರವಹಿಸಿ. ನಂತರ ಬಟ್ಟೆಯಲ್ಲಿ ಸೋಸಿ, ಬಿಸಿನೀರಿನಲ್ಲಿ ಕರಗಿಸಿದ ಸ್ವಲ್ಪ ಅಂಟು ಸೇರಿಸಬೇಕು. ಅಂಟು ಇಲ್ಲದಿದ್ದರೆ ಬೆನ್ನು ತಾಗಿದ ಅಂಗಿಗೆಲ್ಲ ಸುಣ್ಣ ಹತ್ತುತ್ತದೆ. ಗೋಡೆಗೆ ನೀರು ಚಿಮುಕಿಸಿ ತೆಳ್ಳಗೆ ಮೂರು ಕೈ ಬಳಿಯಬೇಕು. ದಪ್ಪಗೆ ಒಂದೇ ಕೈ ಬಳಿದರೆ ಪಕಳೆ ಪಕಳೆಯಾಗಿ ಉದುರುತ್ತದೆ. ಅಚ್ಚ ಬಿಳಿ ಬೇಡವೆಂದರೆ ಹಳದಿ ಮಣ್ಣು ಅಥವಾ ಕೆಮ್ಮಣ್ಣು ಸೋಸಿ ಚಮಚದ ಲೆಕ್ಕದಲ್ಲಿ ಬೆರೆಸಿದರೆ ಕೆನೆ, ಗೋಧಿ, ಮರಳಿನ ಬಣ್ಣಗಳು ಬರುತ್ತವೆ. ಹಸಿಯಿದ್ದಾಗ ಬಣ್ಣ ಗಾಢವಾಗಿ ಕಾಣುತ್ತದೆ, ಒಣಗಿದಾಗ ಬಹಳ ತಿಳಿಯಾಗುತ್ತದೆ. ಆದ್ದರಿಂದ ಸ್ವಲ್ಪ ಜಾಗದಲ್ಲಿ ಹಚ್ಚಿ, ಒಣಗಿದ ಮೇಲೆಯೇ ತೀರ್ಮಾನಿಸಿ.

ಹಿಂದೆ ಎಮಲ್ಷನ್ ಅಥವಾ ಆಯಿಲ್ ಪೇಂಟ್ ಹಚ್ಚಿದ ಗೋಡೆಗೆ ಸುಣ್ಣ ಹಿಡಿಯುವುದಿಲ್ಲ. ಅದನ್ನು ಮೊದಲು ಕೆರೆದು ತೆಗೆಯಬೇಕು.

ನಾಲ್ಕು ಊರುಗಳ ಅಗತ್ಯ ಒಂದೇ ಅಲ್ಲ

ಕಿತ್ತೂರು: ನಾಲ್ಕರಲ್ಲಿ ಘಟ್ಟಕ್ಕೆ ಹತ್ತಿರವಿರುವುದು ಕಿತ್ತೂರು, ಹಾಗಾಗಿ ಮಳೆಯೂ ಇಲ್ಲಿ ಹೆಚ್ಚು. ಗೋಡೆಯ ಹೊರಮೈಗೆ ಮಳೆ ಹೊಡೆಯುವ ಪಶ್ಚಿಮದ ಬದಿಯಲ್ಲಿ ಪಾಚಿ ಕಟ್ಟುತ್ತದೆ. ಅಚ್ಚ ಬಿಳಿಯಲ್ಲಿ ಇದು ಬೇಗ ಎದ್ದು ಕಾಣುವುದರಿಂದ ಹೊರಗೋಡೆಗೆ ಮರಳಿನ ಬಣ್ಣ ಅಥವಾ ತಿಳಿ ಬೂದಿ ಒಳ್ಳೆಯದು. ಬಣ್ಣದ ಕೆಲಸವನ್ನು ಮಳೆಗಾಲ ಮುಗಿದು ಗೋಡೆ ಚೆನ್ನಾಗಿ ಒಣಗಿದ ಡಿಸೆಂಬರ್ ನಂತರ ಇಟ್ಟುಕೊಳ್ಳಿ.

ಬೈಲಹೊಂಗಲ: ಹತ್ತಿ, ಜೋಳ ಬೆಳೆಯುವ ಎರೆಭೂಮಿಯ ನಾಡು. ಎರೆಮಣ್ಣು ಮಳೆಯಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗಿ ಬಾಯಿಬಿಡುತ್ತದೆ. ಅದರ ಮೇಲೆ ನಿಂತ ಗೋಡೆಯಲ್ಲಿ ಕೂದಲೆಳೆಯಂತಹ ಬಿರುಕುಗಳು ಬರುವುದು ಸಾಮಾನ್ಯ. ಹೊಳಪಿನ ಬಣ್ಣ ಹಚ್ಚಿದರೆ ಪ್ರತಿ ಬಿರುಕೂ, ಪ್ರತಿ ಉಬ್ಬೂ ಎದ್ದು ಕಾಣುತ್ತದೆ. ಹೊಳಪಿಲ್ಲದ ಕೆನೆ ಅಥವಾ ಗೋಧಿ ಬಣ್ಣ ಇವನ್ನು ಅಡಗಿಸುತ್ತದೆ. ಆದರೆ ಬಿರುಕು ವರ್ಷದಿಂದ ವರ್ಷಕ್ಕೆ ಅಗಲವಾಗುತ್ತಿದ್ದರೆ ಅದಕ್ಕೆ ಬಣ್ಣ ಮದ್ದಲ್ಲ, ಗೌಂಡಿಗೆ ಪಾಯ ತೋರಿಸಬೇಕು.

ಸವದತ್ತಿ: ಗುಡ್ಡದ ಕೆಂಗಂದು ಕಲ್ಲು, ಒಣಹವೆ, ಗಾಳಿಯೊಂದಿಗೆ ಬರುವ ದೂಳು. ವರ್ಷದ ಮಳೆ ಸುಮಾರು 600 ಮಿ.ಮೀ. ಆಸುಪಾಸು. ಮಂಗಳೂರಿನ ಮಳೆ 3500 ಮಿ.ಮೀ.ಗೂ ಹೆಚ್ಚೆಂಬುದನ್ನು ನೆನೆದರೆ ವ್ಯತ್ಯಾಸ ತಿಳಿಯುತ್ತದೆ. ದೂಳು ಕೂತಾಗ ನೀಲಿ ಒಳಛಾಯೆಯ ಬಿಳಿ ಕೊಳಕಾಗಿ ಕಾಣುತ್ತದೆ, ಹಳದಿ-ಕೆಂಪು ಒಳಛಾಯೆಯ ಬಿಳಿ ದೂಳಿನೊಂದಿಗೆ ಹೊಂದಿಕೊಳ್ಳುತ್ತದೆ. ಕಲ್ಲಿನ ಗೋಡೆಯ ಮುಖ ಚೆನ್ನಾಗಿದ್ದರೆ ಅದಕ್ಕೆ ಬಣ್ಣವನ್ನೇ ಹಚ್ಚಬೇಡಿ.

ರಾಮದುರ್ಗ: ಇಲ್ಲಿ ಮತ್ತು ಸುರೇಬಾನದಲ್ಲಿ ನೇಕಾರರ ಮನೆಗಳಿವೆ. ಮಗ್ಗವಿರುವ ಕೋಣೆಗೆ ತಟಸ್ಥ ಬಣ್ಣ ನಿಜವಾದ ಅರ್ಥದಲ್ಲಿ ಬೇಕು. ಗೋಡೆ ಹಸಿರಾಗಿದ್ದರೆ ಅದರಿಂದ ಪುಟಿದ ಬೆಳಕೂ ಹಸಿರು. ಆಗ ನೂಲಿನ ಎರಡು ಕೆಂಪುಗಳ ನಡುವಿನ ವ್ಯತ್ಯಾಸ ಕಣ್ಣಿಗೆ ತಪ್ಪುತ್ತದೆ, ನೇಯ್ದ ಮೇಲೆ ಸೀರೆಯಲ್ಲಿ ಕಾಣುತ್ತದೆ. ಅಂಥ ಕೋಣೆಗೆ ಹೊಳಪಿಲ್ಲದ ಬಿಳಿಯೇ ಸರಿ. ಹೊಳೆಯಂಚಿನ ಮನೆಗಳು ಮಾತ್ರ ಮೇಲೆ ಹೇಳಿದ ತೇವದ ಮಾತನ್ನು ಮೊದಲು ನೋಡಿಕೊಳ್ಳಬೇಕು.

ನಾಲ್ಕೂ ಕಡೆಗೆ ಅನ್ವಯಿಸುವ ಹಳೆಯ ಪದ್ಧತಿ ಒಂದಿದೆ: ಸುಣ್ಣ-ಕಾರಣೆ. ಗೋಡೆಗೆ ಸುಣ್ಣ, ಬುಡಕ್ಕೆ ಕೆಮ್ಮಣ್ಣಿನ ಪಟ್ಟಿ. ಇದು ಬರೀ ಅಲಂಕಾರವಲ್ಲ. ಮಳೆಯ ಸಿಡಿತ, ಮಕ್ಕಳ ಕೈಗುರುತು, ಕಸಬರಿಗೆಯ ಕಲೆ ಎಲ್ಲವೂ ಬೀಳುವುದು ಕೆಳಗಿನ ಎರಡು ಮೂರು ಅಡಿಯಲ್ಲಿ. ಕೆಳಗೆ ಗಾಢ ಪಟ್ಟಿ ಇಟ್ಟು ಅದನ್ನಷ್ಟೇ ವರ್ಷಕ್ಕೊಮ್ಮೆ ಹೊಸದು ಮಾಡಿದರೆ ಮೇಲಿನ ತಿಳಿಬಣ್ಣ ಹಲವು ವರ್ಷ ಬಾಳುತ್ತದೆ. ಶಾಲೆ, ಬಾಲವಾಡಿ, ವಿದ್ಯಾರ್ಥಿನಿಲಯಗಳನ್ನು ನೋಡಿಕೊಳ್ಳುವವರಿಗೆ ಇದು ವಿಶೇಷವಾಗಿ ಉಪಯೋಗ.

ಸೀಸದ ಬಗ್ಗೆ ಎಚ್ಚರ

ಹಿಂದೆ ಬಿಳಿ ಬಣ್ಣಕ್ಕೆ ಸೀಸದ ಸಂಯುಕ್ತವನ್ನೇ ಬಳಸುತ್ತಿದ್ದರು. ಈಗ ಆ ಕೆಲಸವನ್ನು ಟೈಟಾನಿಯಂ ಡೈಆಕ್ಸೈಡ್ ಮಾಡುತ್ತದೆ. ಹಳದಿ, ಕಿತ್ತಳೆ, ಕೆಂಪು ಆಯಿಲ್ ಪೇಂಟ್‌ಗಳಲ್ಲಿ ಸೀಸ ಬಹುಕಾಲ ಉಳಿದಿತ್ತು. ಭಾರತ ಸರ್ಕಾರ 2016ರಲ್ಲಿ ಹೊರಡಿಸಿದ ನಿಯಮದಂತೆ 2017ರ ನವೆಂಬರ್‌ನಿಂದ ಮನೆಬಳಕೆಯ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷದಲ್ಲಿ 90 ಭಾಗಕ್ಕಿಂತ ಹೆಚ್ಚಿರಕೂಡದು. ಡಬ್ಬಿಯ ಮೇಲೆ ಇದನ್ನು ಬರೆದಿರಬೇಕು. ಬರೆದಿಲ್ಲದ ಅಗ್ಗದ ಡಬ್ಬಿಯನ್ನು ಕೊಳ್ಳಬೇಡಿ.

ಅಪಾಯ ಹೆಚ್ಚಿರುವುದು ಹಳೆಯ ಬಾಗಿಲು, ಕಿಟಕಿ, ಸರಳುಗಳ ಮೇಲಿನ ಬಣ್ಣವನ್ನು ಕೆರೆಯುವಾಗ. ಆ ದೂಳು ಉಸಿರಿನಲ್ಲಿ, ಮಕ್ಕಳ ಕೈಯಿಂದ ಬಾಯಿಗೆ ಹೋಗುತ್ತದೆ. ಸೀಸ ಚಿಕ್ಕ ಮಕ್ಕಳ ಮೆದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ, ಇಷ್ಟರವರೆಗೆ ಇದ್ದರೆ ಸುರಕ್ಷಿತ ಎಂಬ ಮಟ್ಟವೇ ಇಲ್ಲವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹಾಗಾಗಿ ಒಣಗಿದ್ದಾಗ ಉಜ್ಜಬಾರದು. ನೀರು ಹಾಕಿ ಒದ್ದೆ ಮಾಡಿ ಉಜ್ಜಿಸಿ, ಕೆಳಗೆ ಪ್ಲಾಸ್ಟಿಕ್ ಹಾಸಿ, ಆ ದಿನ ಮಕ್ಕಳನ್ನೂ ಗರ್ಭಿಣಿಯರನ್ನೂ ಬೇರೆ ಮನೆಗೆ ಕಳುಹಿಸಿ. ಕೆಲಸದವರ ಮೂಗಿಗೆ ಒಳ್ಳೆಯ ಮುಸುಕು ಕೊಡುವುದು ಮನೆಯೊಡೆಯನ ಕರ್ತವ್ಯ.

ಆಯ್ಕೆಯ ಕ್ರಮ

1. ಗೋಡೆ ಮಣ್ಣಿನದೋ, ಕಲ್ಲಿನದೋ, ಸಿಮೆಂಟಿನದೋ ತಿಳಿದುಕೊಳ್ಳಿ. ಮಣ್ಣಿಗೆ ಸುಣ್ಣ, ಸಿಮೆಂಟಿಗೆ ಡಿಸ್ಟೆಂಪರ್ ಅಥವಾ ಎಮಲ್ಷನ್.

2. ತೇವ, ಉಪ್ಪು, ಬಿರುಕು ಇದ್ದರೆ ಕಾರಣ ಹುಡುಕಿ ಮೊದಲು ಅದನ್ನು ಸರಿಪಡಿಸಿ. ಮಾಳಿಗೆಯ ಸೋರಿಕೆ ನಿಲ್ಲದೆ ಗೋಡೆ ಒಣಗದು.

3. ಕೋಣೆಗೆ ಬೆಳಕು ಯಾವ ದಿಕ್ಕಿನಿಂದ, ಯಾವ ಹೊತ್ತಿಗೆ, ಎಷ್ಟು ಬರುತ್ತದೆ ಎಂದು ಒಂದು ದಿನ ಗಮನಿಸಿ. ಕತ್ತಲೆ ಕೋಣೆಗೆ 70ಕ್ಕಿಂತ ಕೆಳಗಿನ ಬಣ್ಣ ಬೇಡ.

4. ಎರಡು ಅಥವಾ ಮೂರು ಶೇಡ್ ಮಾತ್ರ ಆರಿಸಿ, ಚಿಕ್ಕ ಡಬ್ಬಿ ತಂದು ಎರಡಡಿ ಚೌಕದಲ್ಲಿ ಎರಡು ಕೈ ಹಚ್ಚಿ. ಬೆಳಗ್ಗೆ, ಮಧ್ಯಾಹ್ನ, ಸಂಜೆ, ರಾತ್ರಿ ದೀಪದಡಿ ನೋಡಿ. ಮನೆಯಲ್ಲಿ ಹೆಚ್ಚು ಹೊತ್ತು ಇರುವವರ ಮಾತಿಗೆ ಬೆಲೆ ಕೊಡಿ.

5. ಗೋಡೆ ಅಳೆಯಿರಿ. ಹತ್ತು-ಹನ್ನೆರಡು ಅಡಿಯ, ಹತ್ತಡಿ ಎತ್ತರದ ಕೋಣೆಯ ನಾಲ್ಕು ಗೋಡೆ 440 ಚದರಡಿ. ಬಾಗಿಲು ಕಿಟಕಿ ಕಳೆದು ಉಳಿದದ್ದನ್ನು ಡಬ್ಬಿಯ ಮೇಲೆ ಬರೆದ ವ್ಯಾಪ್ತಿಯಿಂದ ಭಾಗಿಸಿ. ಒಂದು ಕೋಣೆಗೆ ಬೇಕಾದಷ್ಟನ್ನೂ ಒಂದೇ ಸಲ ಬೆರೆಸಿಕೊಳ್ಳಿ, ಎರಡನೇ ಸಲ ಬೆರೆಸಿದ್ದು ಅದೇ ಬಣ್ಣ ಬರುವುದು ಕಷ್ಟ. ಶೇಡ್ ಸಂಖ್ಯೆಯನ್ನು ಬರೆದಿಟ್ಟುಕೊಳ್ಳಿ.

6. ಛಾವಣಿಯ ಒಳಮೈಗೆ ಬಿಳಿಯೇ ಇರಲಿ. ಬೆಳಕು ಹಂಚುವ ಕೆಲಸದಲ್ಲಿ ಅದರ ಪಾಲು ದೊಡ್ಡದು.

"ಯಾವ ಬಣ್ಣ ಹಚ್ಚೂಣ್ರೀ?" ಎಂದು ಪೇಂಟರ್ ಕೇಳುತ್ತಾರೆ. ಅದಕ್ಕೆ ಉತ್ತರ ಕೊಡುವ ಮೊದಲು "ಗ್ವಾಡಿ ಆರೇತೇನ್ರೀ?" ಎಂದು ನಾವೇ ಅವರನ್ನು ಕೇಳುವುದು ಒಳ್ಳೆಯದು. ಕಷ್ಟಪಟ್ಟು ದುಡಿದ ಹಣ ಎರಡೇ ಮಳೆಗೆ ಉದುರಿ ಹೋಗದಿರಲಿ, ಮಕ್ಕಳು ಓದುವ ಕೋಣೆ ಬೆಳಕಾಗಿರಲಿ, ವಯಸ್ಸಾದವರು ಮಲಗುವ ಗೋಡೆಬದಿ ಒಣಗಿರಲಿ. ಬರುವ ಬೇಸಿಗೆಯಲ್ಲಿ ಬಣ್ಣದ ಕೆಲಸ ಇಟ್ಟುಕೊಂಡಿರುವ ಕುಟುಂಬಗಳು ಈಗಿನಿಂದಲೇ ಗೋಡೆಗಳನ್ನು ಗಮನಿಸಲು ಆರಂಭಿಸಲಿ. ಘಟ್ಟದ ಮೇಲಿರುವ ಬಂಧುಗಳಿಗೂ ಈ ಮಾಹಿತಿಯನ್ನು ತಲುಪಿಸಿರೆಂದು ಓದುಗರಲ್ಲಿ ವಿನಂತಿಸುತ್ತೇವೆ.